ಕರ್ನಲ್ ಸೈಕ್ಸ್ ಮತ್ತು ನಮ್ಮ ಹೊಳೆಯ ಮೀನುಗಳು

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ, ಬಾಗಿಲಿನ ಬಲಕ್ಕಿದ್ದ ಕಪಾಟಿನ ಮೇಲ್ಹಲಗೆಯಲ್ಲಿ, ಒಂದು ಎತ್ತರದ ಗಾಜಿನ ಭರಣಿ ಇತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅದು ನೆನಪಿರಬಹುದು. ಅದರೊಳಗೆ ಫಾರ್ಮಲಿನ್ ದ್ರಾವಣದಲ್ಲಿ ಸುರುಳಿ ಸುತ್ತಿಕೊಂಡಿದ್ದ ಜೀವಿಯನ್ನು ಚಿಕ್ಕ ಮಕ್ಕಳು ಹಾವೆಂದೇ ನಂಬಿ, ಕಪಾಟಿನ ಬಳಿ ಕುಳಿತುಕೊಳ್ಳಲು ಹೆದರುತ್ತಿದ್ದರು. ಅದು ಹಾವಲ್ಲ, ಹಾವುಮೀನು. 1983ರ ಮಳೆಗಾಲದಲ್ಲಿ ವಾರಣೆಯ ದಂಡೆಯ ಅಂಬಿಗರೊಬ್ಬರು, ತಮ್ಮ ಮಗ ನನ್ನ ತರಗತಿಯಲ್ಲಿದ್ದಾನೆಂಬ ಸಲುಗೆಯಿಂದ, ಬಲೆಗೆ ಬಿದ್ದ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಶಾಲೆಗೆ ತಂದಿದ್ದರು. ಅದಕ್ಕೆ ಮರಾಠಿಯಲ್ಲಿ ಅಹೀರ ಎನ್ನುತ್ತಾರೆಂದು ತಿಳಿಸಿ, ಅವರು ಇನ್ನೊಂದು ಮಾತು ಹೇಳಿದರು. ಈ ಮೀನಿನ ತತ್ತಿಯನ್ನಾಗಲಿ, ಹೊಟ್ಟೆಯಲ್ಲಿ ತತ್ತಿ ತುಂಬಿದ ಹೆಣ್ಣನ್ನಾಗಲಿ ತಾವೂ ಕಂಡಿಲ್ಲ, ತಮ್ಮ ಅಜ್ಜನವರೂ ಕಂಡಿರಲಿಲ್ಲವಂತೆ. ಆ ಮಾತಿನ ಬೆನ್ನು ಹತ್ತಿ ಪುಸ್ತಕಗಳನ್ನು ಹುಡುಕುತ್ತ ಹೋದಾಗ ನನಗೆ ಪರಿಚಯವಾದವರು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್.

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ಕುರಿತು ಬರೆಯಲು ನನಗಿಂತ ಬಲ್ಲವರಿದ್ದಾರೆಂದು ಅರಿಕೆ ಮಾಡಿಕೊಂಡು, ಈ ಸಾಹೇಬರ ಹೆಸರನ್ನು ಸೂಚಿಸಿದೆ. ಮಂಡಳಿಯ ಕೆಲವರು ಮುಗುಳ್ನಕ್ಕರು. ನಮ್ಮ ಭಾಗದ ಹಲವು ಮನೆಗಳಲ್ಲಿ ಮೀನಿನ ಹೆಸರನ್ನೇ ಎತ್ತುವುದಿಲ್ಲವೆಂಬುದನ್ನು ನಾನೂ ಬಲ್ಲೆ. ಆದರೆ ಇದು ಅಡಿಗೆಮನೆಯ ಮಾತಲ್ಲ. ನಾವು ಕುಡಿಯುವ ನೀರಿನಲ್ಲಿ ನಮಗಿಂತ ಮೊದಲಿನಿಂದ ಬಾಳಿಕೊಂಡು ಬಂದ ಜೀವಿಗಳ ಮಾತು.

ಸೈಕ್ಸ್ ಹುಟ್ಟಿದ್ದು 1790ರ ಜನವರಿ 25ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ. ನಮ್ಮ ಮಕ್ಕಳು ಎಂಟನೆಯ ತರಗತಿಯಲ್ಲಿರುವ ವಯಸ್ಸಿನಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯವನ್ನು ಸೇರಿ, 1804ರಲ್ಲಿ ಈ ದೇಶಕ್ಕೆ ಬಂದರು. ಆಗಿನ್ನೂ ಸುಯೇಜ್ ಕಾಲುವೆ ಇರಲಿಲ್ಲ. ಆಫ್ರಿಕ ಖಂಡವನ್ನು ಸುತ್ತಿ ತಿಂಗಳುಗಟ್ಟಲೆ ಸಾಗುತ್ತಿದ್ದ ಹಡಗುಗಳಲ್ಲಿ, ಕಣ್ಣು ಹಾಯುವವರೆಗೂ ನೀರಿದ್ದರೂ, ಕುಡಿಯುವ ನೀರನ್ನು ಪೀಪಾಯಿಗಳಲ್ಲಿ ತುಂಬಿಕೊಂಡೇ ಹೊರಡಬೇಕಾಗಿತ್ತು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟು ಉಪ್ಪನ್ನು ಹೊರಗೆ ಹಾಕಲು ಮನುಷ್ಯನ ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಆದ್ದರಿಂದ ಅದನ್ನು ಕುಡಿದವನ ಬಾಯಾರಿಕೆ ತಣಿಯುವುದಿಲ್ಲ, ಬೆಳೆಯುತ್ತದೆ. ಉಪ್ಪುನೀರು ಬೇರೆ, ಸಿಹಿನೀರು ಬೇರೆ ಎಂಬ ಪಾಠವನ್ನು ಆ ಹುಡುಗ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮರುವರ್ಷವೇ, 1805ರಲ್ಲಿ, ಭರತಪುರದ ಮುತ್ತಿಗೆಯಲ್ಲಿ ಅವರು ಇದ್ದರು. 1810ರ ಹೊತ್ತಿಗೆ ಹಿಂದುಸ್ತಾನಿ ಮತ್ತು ಮರಾಠಿ ಭಾಷೆಗಳಲ್ಲಿ ದುಭಾಷಿಯ ಪರೀಕ್ಷೆಯನ್ನು ದಾಟಿದ್ದರು. 1817ರ ನವೆಂಬರಿನಲ್ಲಿ ಖಡಕಿ ಹಾಗೂ ಪುಣೆಯ ಕಾಳಗಗಳಲ್ಲಿ ಪೇಶವೆಯ ಸೈನ್ಯದ ವಿರುದ್ಧ ಹೋರಾಡಿದರು. ಪೇಶವಾಯಿ ಮುಗಿದು ನಮ್ಮ ಸಾಂಗಲಿ, ಮಿರಜಗಳ ಪಟವರ್ಧನ ಸಂಸ್ಥಾನಗಳು ಕಂಪನಿಯ ಅಧೀನಕ್ಕೆ ಬಂದದ್ದು ಆ ಯುದ್ಧದ ಫಲವಾಗಿಯೇ. ಹೀಗಾಗಿ ಸೈಕ್ಸ್ ಸಾಹೇಬರನ್ನು ನಮ್ಮ ಬಂಧುವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅವರು ಗೆದ್ದವರ ಕಡೆಯವರು. ಮುಂದೆ ಅವರು ಮಾಡಿದ ಕೆಲಸವೂ ಗೆದ್ದವರ ಪ್ರಯೋಜನಕ್ಕಾಗಿಯೇ ಮೊದಲಾಯಿತು.

1820ರಿಂದ ನಾಲ್ಕು ವರ್ಷ ಯೂರೋಪಿನಲ್ಲಿ ಸಂಚರಿಸಿ ಹಿಂದಿರುಗಿದಾಗ, ಮುಂಬಯಿಯ ಗವರ್ನರ್ ಆಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನರು 1824ರಲ್ಲಿ ಅವರನ್ನು ಅಂಕಿಅಂಶಗಳ ವರದಿಗಾರರನ್ನಾಗಿ ನೇಮಿಸಿದರು. ಹೊಸದಾಗಿ ಕೈಸೇರಿದ ನಾಡಿನಲ್ಲಿ ಎಷ್ಟು ಜನ, ಎಷ್ಟು ನೆಲ, ಏನು ಬೆಳೆ, ಎಷ್ಟು ಕಂದಾಯ ಎಂಬುದನ್ನು ಎಣಿಸಿ ಬರೆಯುವ ಕೆಲಸ ಅದು. ಅವರ ವರದಿಗೆ ಒಳಪಟ್ಟ ನಾಲ್ಕು ಜಿಲ್ಲೆಗಳು ಪುಣೆ, ಅಹಮದನಗರ, ಖಾನದೇಶ ಮತ್ತು ನಮ್ಮ ಧಾರವಾಡ. ಜನರನ್ನು ಎಣಿಸಹೋದವರು ಜನರಲ್ಲೇ ನಿಲ್ಲಲಿಲ್ಲ. ಡೇರೆಯಲ್ಲಿ ವಾಸಿಸುತ್ತ ಗಾಳಿಯ ಒತ್ತಡ ಅಳೆದರು, ಮಳೆ ಅಳೆದರು, ನೀರು ಎಷ್ಟು ಉಷ್ಣತೆಗೆ ಕುದಿಯುತ್ತದೆಂದು ನೋಡಿ ಗುಡ್ಡಗಳ ಎತ್ತರವನ್ನು ಲೆಕ್ಕ ಹಾಕಿದರು. ಪ್ರಾಣಿಗಳನ್ನೂ ಪಕ್ಷಿಗಳನ್ನೂ ಸಂಗ್ರಹಿಸಿದರು. ಇಂದಿಗೂ ಪಕ್ಷಿವೀಕ್ಷಕರು ನಮ್ಮ ಬಯಲುಸೀಮೆಯ ಒಂದು ಜುಟ್ಟಿನ ನೆಲಗುಬ್ಬಿಯನ್ನು ಸೈಕ್ಸರ ಹೆಸರಿನಿಂದಲೇ ಗುರುತಿಸುತ್ತಾರೆ. 1829ರಲ್ಲಿ ಆ ಹುದ್ದೆಯನ್ನು ಸರಕಾರ ತೆಗೆದುಹಾಕಿದರೂ ಅವರು ಕೆಲಸ ಬಿಡದೆ ಮುಂದುವರಿಸಿ, 1831ರಲ್ಲಿ ಸ್ವದೇಶಕ್ಕೆ ಮರಳಿದರು. ಹುದ್ದೆ ಹೋದ ಮೇಲೂ ಕೆಲಸ ಬಿಡದವರನ್ನು ಕಂಡರೆ ಶಿಕ್ಷಕನಾದ ನನಗೆ ಸ್ವಲ್ಪ ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳುತ್ತೇನೆ.

ದಖ್ಖನದ ಮೀನುಗಳನ್ನು ಕುರಿತ ಅವರ ಪ್ರಬಂಧ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಬಂದದ್ದು 1838ರಲ್ಲಿ. ಅದು ಚಿತ್ರಪಟಗಳೊಡನೆ ಪೂರ್ಣವಾಗಿ ಅಚ್ಚಾದದ್ದು 1841ರಲ್ಲಿ. ಭೀಮೆ, ಮುಳಾ, ಮುಠಾ ಮೊದಲಾದ, ಕೊನೆಗೆ ಕೃಷ್ಣೆಯನ್ನೇ ಸೇರುವ ಹೊಳೆಗಳ ನಲವತ್ತಕ್ಕೂ ಹೆಚ್ಚು ಜಾತಿಯ ಮೀನುಗಳು ಅದರಲ್ಲಿವೆ. ವಿಜ್ಞಾನಕ್ಕೆ ಅವುಗಳಲ್ಲಿ ಬಹುಪಾಲು ಹೊಸವು. ಇಲ್ಲಿಯೇ ನನಗೆ ಸೈಕ್ಸರ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು. ಹೊಸ ಮೀನಿಗೆ ಲ್ಯಾಟಿನ್ ಹೆಸರಿಡುವಾಗ ಅವರು, ಯಾರ್ರೆಲ್, ಓಗಿಲ್ಬಿ ಮೊದಲಾದ ತಮ್ಮ ದೇಶದ ವಿದ್ವಾಂಸರ ಹೆಸರುಗಳನ್ನು ಕೆಲವಕ್ಕೆ ಕೊಟ್ಟದ್ದು ನಿಜ. ಆದರೆ ಹೆಚ್ಚಿನವಕ್ಕೆ ಬಲೆ ಬೀಸಿದವರು ಏನೆಂದು ಕರೆಯುತ್ತಿದ್ದರೋ ಅದನ್ನೇ ಉಳಿಸಿಕೊಂಡರು. ನಮ್ಮ ಮಹಶೀರ ಮೀನು ಜಗತ್ತಿಗೆಲ್ಲ ಟಾರ್ ಖುದ್ರೀ. ಮೀಸೆಯ ಶಿಂಗಟಿ ಮಿಸ್ಟಸ್ ಸೀಂಗ್ಟೀ. ಘೋಗರಾ ಎಂಬುದು ರೀಟಾ ಗೋಗ್ರಾ. ಕೋಲಸ್, ಪೋಟೈಲ್, ಫುಲುಂಗೀ, ಬೋಗ್ಗಟ್ ಎಂಬ ಹೆಸರುಗಳೂ ಹಾಗೆಯೇ ಬಂದವು. ಇಂಗ್ಲಿಷ್ ಕಿವಿಗೆ ಬಿದ್ದು ಸ್ವಲ್ಪ ಸೊಟ್ಟಗಾಗಿರಬಹುದು, ಆದರೆ ಇಂದು ಜಪಾನಿನವರಾಗಲಿ ಜರ್ಮನಿಯವರಾಗಲಿ ಕೃಷ್ಣೆಯ ಮೀನನ್ನು ಕುರಿತು ಬರೆಯಬೇಕಾದರೆ, ಇನ್ನೂರು ವರ್ಷಗಳ ಹಿಂದೆ ಹೊಳೆಯ ದಂಡೆಯಲ್ಲಿ ನಿಂತ ಒಬ್ಬ ಅನಾಮಿಕನ ಮಾತನ್ನೇ ಬರೆಯಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತ ಬೆಳೆದ ನಮ್ಮ ಗಡಿಯ ಮಕ್ಕಳಿಗೆ, ಹೆಸರೊಂದು ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವಾಗ ಹೇಗೆ ರೂಪ ಬದಲಿಸುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಟ್ಟಿಯನ್ನು ಓದಿದವರಿಗೆ ಇನ್ನೊಂದು ಸಂಗತಿ ಥಟ್ಟನೆ ಕಾಣುತ್ತದೆ. ಅದರಲ್ಲಿರುವವೆಲ್ಲ ಹೆಚ್ಚುಕಡಿಮೆ ಎರಡೇ ಬಳಗದವು. ಹುರುಪೆಯುಳ್ಳ ಗೆಂಡೆಮೀನಿನ ಬಳಗ ಒಂದು, ಹುರುಪೆಯಿಲ್ಲದ ಮೀಸೆಮೀನುಗಳ ಗುಂಪು ಇನ್ನೊಂದು. ಸಮಡೋಳಿಯಿಂದ ಪಶ್ಚಿಮಕ್ಕೆ ಹಕ್ಕಿಯ ಹಾದಿಯಲ್ಲಿ ನೂರೈವತ್ತು ಕಿಲೋಮೀಟರಿನೊಳಗೆ ರತ್ನಾಗಿರಿಯ ಸಮುದ್ರವಿದೆ. ಸಹ್ಯಾದ್ರಿಯನ್ನು ದಾಟಿ ಅಲ್ಲಿಗೆ ಹೋದರೆ ಬಂಗಡೆ, ಸುರಮಯಿ, ಪಾಪ್ಲೆಟ್, ತೊರಕೆ, ಶಾರ್ಕು ಎಂದು ಬೇರೆಯದೇ ಒಂದು ಪ್ರಪಂಚ. ಗೆಂಡೆಯ ಬಳಗ ಅಲ್ಲಿ ಇಲ್ಲವೆಂದೇ ಹೇಳಬೇಕು. ಮಿರಜದ ಪೇಟೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ್ದ ಬಂಗಡೆಗಳನ್ನು ಕಂಡ ಒಬ್ಬ ವಿದ್ಯಾರ್ಥಿ, ಅವನ್ನು ಜೀವಂತ ತಂದು ವಾರಣೆಯಲ್ಲಿ ಬಿಟ್ಟರೆ ಬದುಕುವವೇ ಎಂದು ಒಮ್ಮೆ ನನ್ನನ್ನು ಕೇಳಿದ. ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಗಳು ಹೆಚ್ಚು ಬಂದಿಲ್ಲ.

ಅದಕ್ಕೆ ಉತ್ತರವಾಗಿ ನಾನು ಮರುದಿನ ತರಗತಿಗೆ ತಂದದ್ದು ಒಂದು ಸೌತೆಕಾಯಿ ಮತ್ತು ಒಂದು ಹಿಡಿ ತಾಸಗಾಂವದ ಒಣದ್ರಾಕ್ಷಿ. ಉಪ್ಪು ಸವರಿದ ಸೌತೆಕಾಯಿಯ ಹೋಳು ಸ್ವಲ್ಪ ಹೊತ್ತಿನಲ್ಲಿ ನೀರು ಬಿಟ್ಟು ಬಾಡಿತು. ಬಟ್ಟಲಿನ ಸಿಹಿನೀರಿಗೆ ಹಾಕಿದ ದ್ರಾಕ್ಷಿ ಸಂಜೆಯೊಳಗೆ ಉಬ್ಬಿತು. ತೆಳುವಾದ ಪೊರೆಯ ಎರಡು ಕಡೆ ಉಪ್ಪಿನ ಅಥವಾ ಸಕ್ಕರೆಯ ಸಾಂದ್ರತೆ ಬೇರೆಯಾಗಿದ್ದರೆ, ನೀರು ತೆಳುವಿನಿಂದ ದಟ್ಟದ ಕಡೆಗೆ ಸರಿಯುತ್ತದೆ. ಇದಕ್ಕೆ ಪಠ್ಯಪುಸ್ತಕದಲ್ಲಿ ಅಭಿಸರಣೆ ಎಂದು ಹೆಸರು. ಮೀನಿನ ಕಿವಿರೂ ಅಂತಹುದೇ ಒಂದು ತೆಳು ಪೊರೆ. ಅದರ ರಕ್ತದಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿದ್ದರೆ, ಹೊಳೆಯ ನೀರಿನಲ್ಲಿ ಅರ್ಧ ಗ್ರಾಮೂ ಇಲ್ಲ. ಹಾಗಾಗಿ ಹೊಳೆಯ ಮೀನು ಆ ದ್ರಾಕ್ಷಿಯಂತೆ. ಹಗಲಿರುಳೂ ನೀರು ಅದರೊಳಗೆ ನುಗ್ಗುತ್ತಲೇ ಇರುತ್ತದೆ. ಅದು ನೀರನ್ನು ಬಹುತೇಕ ಕುಡಿಯುವುದೇ ಇಲ್ಲ, ಒಳನುಗ್ಗಿದ್ದನ್ನು ತೆಳು ಮೂತ್ರವಾಗಿ ಬಸಿಯುತ್ತ, ಕಳೆದುಹೋಗುವ ಉಪ್ಪನ್ನು ಕಿವಿರಿನಿಂದ ಹೆಕ್ಕಿಕೊಳ್ಳುತ್ತ ಬಾಳುತ್ತದೆ. ಸಮುದ್ರದ ಮೀನು ಸೌತೆಯ ಹೋಳಿನಂತೆ. ನೀರಿನ ನಡುವೆಯೇ ಇದ್ದರೂ ಅದರ ಮೈಯ ನೀರು ಹೊರಕ್ಕೆ ಸೋರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನ ವಿಶೇಷ ಕಣಗಳಿಂದ ಹೊರದೂಡಬೇಕು. ನಮ್ಮಿಂದಾಗದ ಕೆಲಸ ಅದಕ್ಕೆ ಸಾಧ್ಯ. ಬಂಗಡೆಯನ್ನು ವಾರಣೆಗೆ ಬಿಟ್ಟರೆ ಉಬ್ಬಿ ಸಾಯುತ್ತದೆ, ಗೆಂಡೆಯನ್ನು ರತ್ನಾಗಿರಿಗೆ ಒಯ್ದರೆ ಬಾಡಿ ಸಾಯುತ್ತದೆ. ಕೃಷ್ಣೆ ಮತ್ತು ವಾರಣೆಯ ದಂಡೆಯಲ್ಲಿ ಕಬ್ಬಿಗೆ ಮಿತಿಮೀರಿ ನೀರುಣಿಸಿ ಸವಳು-ಜವಳಾದ ಹೊಲಗಳಲ್ಲಿ, ಬೇರಿನ ಬುಡದಲ್ಲಿ ನೀರು ನಿಂತಿದ್ದರೂ ಬೆಳೆ ಬಾಡುವುದಕ್ಕೂ ಇದೇ ಒಂದು ಕಾರಣವೆಂದು ಹೇಳಿದಾಗ, ರೈತರ ಮಕ್ಕಳ ಮುಖಗಳು ಗಂಭೀರವಾದವು. ಆ ಹೊಲಗಳು ಅವರ ಮನೆಯವೇ ಆಗಿದ್ದವು.

ಈ ಗಡಿಯನ್ನು ದಾಟಲಾರದೆ ಎಷ್ಟೋ ಜೀವಕುಲಗಳು ಒಂದೇ ಕಡೆ ಉಳಿದಿವೆ. ನಕ್ಷತ್ರಮೀನಿನ ಬಳಗದ ಒಂದು ಜೀವಿಯೂ ಜಗತ್ತಿನ ಯಾವ ಸಿಹಿನೀರಿನಲ್ಲಿಯೂ ಇಲ್ಲ. ಅಷ್ಟಪದಿಯೂ ಇಲ್ಲ. ಹಾಗೆಯೇ ನಮ್ಮ ಹೊಂಡಗಳಲ್ಲಿ ವಟಗುಟ್ಟುವ ಕಪ್ಪೆಗಳಿಗೆ ನಡುಸಮುದ್ರದಲ್ಲಿ ನೆಲೆಯಿಲ್ಲ. ಆದರೆ ಉಪ್ಪಿನ ಕಡಲು ದೊಡ್ಡದೆಂದು ಅಲ್ಲಿಯೇ ಜಾತಿಗಳು ಬಹಳವೆಂದು ತಿಳಿಯಬಾರದು. ನದಿ ಸರೋವರಗಳ ನೀರು ಭೂಮಿಯ ಒಟ್ಟು ನೀರಿನಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ, ಆದರೂ ಮೀನಿನ ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಇರುವುದು ಅಲ್ಲಿಯೇ. ಸಮುದ್ರ ಒಂದೇ ಅಂಗಳ. ನದಿಗಳಾದರೋ ನಡುವೆ ಗೋಡೆಯೆತ್ತಿದ ಬೇರೆ ಬೇರೆ ಮನೆಗಳು. ಒಂದು ನದಿಯ ಮೀನು ಪಕ್ಕದ ನದಿಗೆ ಹೋಗಬೇಕಾದರೆ ನೆಲವನ್ನಾಗಲಿ ಉಪ್ಪುನೀರನ್ನಾಗಲಿ ದಾಟಬೇಕು, ಎರಡೂ ಆಗದು. ಆದ್ದರಿಂದ ಪ್ರತಿ ಮನೆಯಲ್ಲಿಯೂ ಬೇರೆಯೇ ಸಂತತಿ ಬೆಳೆಯಿತು. ಸೈಕ್ಸರು ರೋಹ್ತೀ ಎಂದು ಹೆಸರಿಟ್ಟ ಚಪ್ಪಟೆ ಮೀನು ಕೃಷ್ಣಾ ಗೋದಾವರಿಗಳ ಕಡೆಯದು. ಇಲ್ಲಿ ಅಳಿದರೆ ಇನ್ನೆಲ್ಲಿಂದಲೂ ತರುವಂತಿಲ್ಲ.

ಇಷ್ಟಾಯಿತು. ಈ ಎಲ್ಲ ನಿಯಮಗಳನ್ನು ಮೀರಿದ ಒಂದು ಮೀನು ಸೈಕ್ಸರ ಪಟ್ಟಿಯಲ್ಲಿಯೇ ಇತ್ತು. ಅದು ನಮ್ಮ ಭರಣಿಯ ಹಾವುಮೀನು. ತಮ್ಮನ್ನು ಆ ಕೆಲಸಕ್ಕೆ ನೇಮಿಸಿದ ಗವರ್ನರರ ಗೌರವಾರ್ಥ ಅವರು ಅದನ್ನು ಆಂಗ್ವಿಲಾ ಎಲ್ಫಿನ್‌ಸ್ಟೋನೀ ಎಂದು ಕರೆದರು. ಅದಕ್ಕೆ ಮುಂಚೆಯೇ ಬಂಗಾಳದ ಹೆಸರಿನಲ್ಲಿ ಅದೇ ಜಾತಿ ದಾಖಲಾಗಿತ್ತೆಂದು ಆಮೇಲೆ ತೀರ್ಮಾನವಾಗಿ, ಎಲ್ಫಿನ್‌ಸ್ಟನ್ನರ ಹೆಸರು ಬಿದ್ದುಹೋಯಿತು. (ನಮ್ಮ ಹೊಳೆಗಳಲ್ಲಿ ವಾಂಬ ಎಂಬ, ಬೆನ್ನಿನಲ್ಲಿ ಮುಳ್ಳಿರುವ ಇನ್ನೊಂದು ಉದ್ದ ಮೀನಿದೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಅದು ಅಪ್ಪಟ ಸಿಹಿನೀರಿನದು, ನಿಜವಾದ ಹಾವುಮೀನಿಗೆ ಸಂಬಂಧವಿಲ್ಲ.) ಸೈಕ್ಸರು ಅದರ ರೆಕ್ಕೆ, ಬಣ್ಣ, ಅಳತೆಗಳನ್ನು ನೋಡಿದರು. ಅದು ಎಲ್ಲಿ ಹುಟ್ಟುತ್ತದೆಂಬುದು ಅವರಿಗೆ ತಿಳಿಯಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಅವರು ತೀರಿಕೊಂಡು 24 ವರ್ಷಗಳಾದ ಮೇಲೆ, 1896ರಲ್ಲಿ, ಇಟಲಿಯ ಗ್ರಾಸಿ ಮತ್ತು ಕಲಾಂದ್ರುಚ್ಚೋ ಎಂಬಿಬ್ಬರು, ಸಮುದ್ರದಲ್ಲಿ ಸಿಗುವ, ಎಲೆಯಂತೆ ಚಪ್ಪಟೆಯಾದ ಪಾರದರ್ಶಕ ಜೀವಿಯೊಂದು ಬೇರೆ ಜಾತಿಯಲ್ಲ, ಹಾವುಮೀನಿನ ಮರಿಯೇ ಎಂದು ತೋರಿಸಿದರು. 1920ರ ದಶಕದಲ್ಲಿ ಡೆನ್ಮಾರ್ಕಿನ ಯೋಹಾನೆಸ್ ಸ್ಮಿಟ್, ಯೂರೋಪಿನ ಹಾವುಮೀನುಗಳು ಅಟ್ಲಾಂಟಿಕ್ ದಾಟಿ ಸರ್ಗಾಸೋ ಸಮುದ್ರದಲ್ಲಿ ಹುಟ್ಟುತ್ತವೆಂದು ಪ್ರಕಟಿಸಿದರು. ನಮ್ಮ ಜಾತಿಯ ಎಳೆಯ ಮರಿಗಳು ಸಿಕ್ಕಿರುವುದು ಸುಮಾತ್ರಾ ದ್ವೀಪದ ಪಶ್ಚಿಮದ ಆಳ ಸಮುದ್ರದಲ್ಲಿ.

ವಾರಣೆ ಹರಿಪುರದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯೋ ಹತ್ತಿರದ ಪಶ್ಚಿಮ ಸಮುದ್ರಕ್ಕೆ ಬೆನ್ನು ತಿರುಗಿಸಿ, ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ ನಡೆದು, ಆಂಧ್ರದ ಕರಾವಳಿಯಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಅಂದರೆ ಉಪ್ಪುನೀರಿನಲ್ಲಿ ಹುಟ್ಟಿದ ಕಿರುಬೆರಳುದ್ದದ ಮರಿ ಆ ದಾರಿಯುದ್ದಕ್ಕೂ ಹೊಳೆಗೆ ಎದುರಾಗಿ ಈಜಿ ನಮ್ಮೂರಿಗೆ ಬಂದು, ಇಲ್ಲಿ ವರ್ಷಾನುವರ್ಷ ಬೆಳೆದು, ಮುಪ್ಪಿನಲ್ಲಿ ತತ್ತಿಯಿಡಲು ಮತ್ತೆ ಹುಟ್ಟೂರಿಗೆ ಹೊರಡುತ್ತದೆ. ಹೊರಡುವ ಮುನ್ನ ಅದರ ದೇಹವೇ ಬದಲಾಗುತ್ತದೆ. ಹೊಟ್ಟೆ ಬೆಳ್ಳಿಯಂತೆ ಹೊಳೆಯತೊಡಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಆಹಾರ ನಿಂತು ಕರುಳು ಕುಗ್ಗುತ್ತದೆ, ಉಪ್ಪನ್ನು ಹೆಕ್ಕುತ್ತಿದ್ದ ಕಿವಿರು ಉಪ್ಪನ್ನು ಹೊರದೂಡಲು ಸಿದ್ಧವಾಗುತ್ತದೆ. ದ್ರಾಕ್ಷಿ ಸೌತೆಕಾಯಿಯಾಗುವ ಈ ಪವಾಡಕ್ಕೆ ನಾನು ತರಗತಿಯಲ್ಲಿ ಯಾವ ಪ್ರಯೋಗವನ್ನೂ ಮಾಡಿ ತೋರಿಸಲಾರದೆ ಹೋದೆ. ಆ ಅಂಬಿಗರೂ ಅವರ ಅಜ್ಜನವರೂ ತತ್ತಿಯನ್ನು ಕಾಣದಿದ್ದುದು ಏಕೆಂದು ಮಾತ್ರ ತಿಳಿಯಿತು.

ಸೈಕ್ಸರ ಮುಂದಿನ ಬಾಳು ಲಂಡನ್ನಿನಲ್ಲಿ ಕಳೆಯಿತು. 1834ರಲ್ಲಿ ಅಲ್ಲಿ ಹುಟ್ಟಿದ ಅಂಕಿಅಂಶ ಶಾಸ್ತ್ರದ ಸಂಘಕ್ಕೆ ಸ್ಥಾಪಕರಲ್ಲೊಬ್ಬರು, ಮುಂದೆ ಅಧ್ಯಕ್ಷರು. ರಾಯಲ್ ಸೊಸೈಟಿಯ ಸದಸ್ಯತ್ವವೂ ಅದೇ ವರ್ಷ ದೊರೆಯಿತು. ಭಾರತದ ಬೌದ್ಧ ಕಾಲದ ಸ್ಥಿತಿಗತಿಗಳನ್ನು ಕುರಿತು ಬರೆದರು. 1840ರಲ್ಲಿ ಕಂಪನಿಯ ನಿರ್ದೇಶಕರಾಗಿ, 1856ರಲ್ಲಿ ಅದರ ಅಧ್ಯಕ್ಷಸ್ಥಾನವನ್ನೇರಿದರು. 1857ರಿಂದ ಕೊನೆಯವರೆಗೂ ಅಬರ್ಡೀನ್ ನಗರದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದು, ಚೀನಾ ದೇಶದಲ್ಲಿ ತಮ್ಮದೇ ಸರಕಾರ ನಡೆಸಿದ ನೀತಿಯನ್ನು ವಿರೋಧಿಸಿದರು. 1872ರ ಜೂನ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಅವರು ನಿರ್ದೇಶಕರಾಗಿದ್ದ ಕಾಲದಲ್ಲಿಯೇ, 1855ರಲ್ಲಿ, ಬೆಜವಾಡದಲ್ಲಿ ಕೃಷ್ಣೆಗೆ ಅಡ್ಡಕಟ್ಟೆ ಪೂರ್ಣವಾಯಿತು. ಅದು ಲಕ್ಷಾಂತರ ಎಕರೆಗೆ ಅನ್ನ ಕೊಟ್ಟಿತು, ಸಮುದ್ರಕ್ಕೂ ನಮ್ಮ ಹೊಳೆಗೂ ನಡುವೆ ಮೊದಲ ಗೋಡೆಯೂ ಆಯಿತು. ಇಂತಹ ಕಟ್ಟೆಗಳಿಂದ ವಲಸೆ ಮೀನುಗಳಿಗಾಗುವ ತೊಂದರೆಯನ್ನು ವಿಚಾರಿಸಿ ವರದಿ ಮಾಡಿದವರು ಫ್ರಾನ್ಸಿಸ್ ಡೇ ಎಂಬ ಇನ್ನೊಬ್ಬ ಸಾಹೇಬರು. ಆಮೇಲೆ ನಾಗಾರ್ಜುನಸಾಗರ ಬಂತು, ಶ್ರೀಶೈಲ ಬಂತು, ನಾರಾಯಣಪುರ, ಆಲಮಟ್ಟಿಗಳು ಬಂದವು. ನಮ್ಮ ವಾರಣೆಯ ಮೇಲೂ ಬಂಧಾರಗಳಿವೆ. ಎಳೆಯ ಹಾವುಮೀನು ಒದ್ದೆಗೋಡೆಯನ್ನು ತೆವಳಿ ಹತ್ತಬಲ್ಲುದು, ಆದರೆ ನಾಗಾರ್ಜುನಸಾಗರದಂತಹ ಗೋಡೆಯನ್ನಲ್ಲ. ಹಾಗಾದರೆ 1983ರಲ್ಲಿ ನಮಗೆ ಸಿಕ್ಕದ್ದು ಬಂದದ್ದು ಹೇಗೆ? ಈ ಮೀನು ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲುದು. 1967ಕ್ಕೆ ಮುಂಚೆ, ಆ ಅಣೆಕಟ್ಟು ಮೇಲೇಳುವ ಮೊದಲೇ ಮೇಲೆ ಬಂದು, ಹಿಂದೆ ಬಾಗಿಲು ಮುಚ್ಚಿದ್ದನ್ನು ಅರಿಯದೆ ಇಲ್ಲಿ ಮುದಿಯಾದದ್ದು ಅದಾಗಿತ್ತೆಂದು ನನ್ನ ಊಹೆ. ಅದನ್ನು ಭರಣಿಗೆ ಹಾಕಿದವನು ನಾನೇ ಎಂಬುದು ಆಗಾಗ ನನ್ನನ್ನು ಚುಚ್ಚುತ್ತದೆ.

2019ರ ಅಗಸ್ಟ್ ತಿಂಗಳ ಮಹಾಪೂರದಲ್ಲಿ ವಿಜ್ಞಾನದ ಕೋಣೆಗೆ ನೀರು ನುಗ್ಗಿ ಕಪಾಟು ಬಿದ್ದುಹೋಯಿತು. ಕೆಸರನ್ನು ತೆಗೆಯುವಾಗ ಗಾಜಿನ ಚೂರುಗಳು ದೊರೆತವು, ಹಾವುಮೀನು ದೊರೆಯಲಿಲ್ಲ. ಈ ಲೇಖನಕ್ಕಾಗಿ ನಾನು ಆ ಅಂಬಿಗರ ಮಗನನ್ನು, ನನ್ನ ಹಳೆಯ ವಿದ್ಯಾರ್ಥಿಯನ್ನು, ಹೊಳೆಯ ದಂಡೆಯಲ್ಲಿ ಕಂಡೆ. ಅವನ ತಲೆಯೂ ಈಗ ನರೆತಿದೆ. ಬಲೆಗೆ ಬೀಳುವುದು ಬಹುತೇಕ ಚಿಲಾಪಿಯೇ ಎಂದ. ಅದು ಆಫ್ರಿಕದ ಮೀನು, ಸಿಹಿನೀರಿಗೂ ಸವಳುನೀರಿಗೂ ಹೊಂದಿಕೊಳ್ಳುವಂಥದು. ಅಹೀರವನ್ನು ಕೊನೆಯ ಬಾರಿ ಕಂಡದ್ದು ತನ್ನ ಹಿರಿಯ ಮಗಳ ಮದುವೆಯ ವರ್ಷವಂತೆ, ಮಳೆಗಾಲದ ಕೊನೆಗೆ, ಕತ್ತಲಲ್ಲಿ. ಹೊಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು, ಕಣ್ಣು ದೊಡ್ಡದಾಗಿತ್ತು, ಕೊಯ್ದರೆ ಕರುಳಿನಲ್ಲಿ ಏನೂ ಇರಲಾರದೆಂದು ತೋರಿತು, ನನ್ನ ತರಗತಿ ನೆನಪಾಯಿತು ಎಂದು ಸ್ವಲ್ಪ ನಾಚಿಕೊಂಡೇ ಹೇಳಿದ. ಬಲೆಯನ್ನು ಕತ್ತರಿಸಿ ಬಿಟ್ಟನಂತೆ. ಅದು ಹರಿಪುರದ ಕಡೆಗೆ ಹೋಯಿತು.